ರಾಣಿಯ ಕೋಟೆಗೆ, ವಯಾ ಕುರ್ಲಾ

ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ನಾನು ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತೇನೆ. ಇಳಿಯಬೇಕಾದದ್ದು ಏಳನೆಯ ಮಹಡಿಯಲ್ಲಿ, ಸಜ್ಜಾಗುವುದು ಎರಡನೆಯದರಲ್ಲಿ. ತರಕಾರಿ ಚೀಲ ತಾನಾಗಿ ಎದೆಗೆ ಬರುತ್ತದೆ, ಬಲಗಾಲು ಅರ್ಧ ಹೆಜ್ಜೆ ಮುಂದೆ ಸರಿಯುತ್ತದೆ. ಮುಂದೆ ಯಾರಾದರೂ ನಿಂತಿದ್ದರಂತೂ "ಉತರ್ನಾ ಹೈ ಕ್ಯಾ?" ಎಂದು ಕೇಳದೆ ಇರಲಾರೆ. ಮೊನ್ನೆ ಹಾಗೆ ಕೇಳಿಸಿಕೊಂಡವಳು ನನ್ನ ಹೆಂಡತಿ ವಸಂತಿ.

"ಇಳೀದೆ ಎಲ್ಲಿಗೆ ಹೋಗ್ಲಿ? ನಂದೂ ಅದೇ ಮನೆ," ಎಂದಳು. "ರಿಟೈರ್ ಆಗಿ ಇಷ್ಟು ವರ್ಷ ಆಯ್ತು, ನೀವಿನ್ನೂ ಕುರ್ಲಾ ಇಳೀತಾನೇ ಇದೀರ."

ಅವಳು ಹೇಳಿದ್ದು ಸುಳ್ಳಲ್ಲ. ನಾವಾಗ ಮುಂಬಯಿಯ ವಡಾಲದಲ್ಲಿದ್ದೆವು, ಕೆಲಸ ವಿಕ್ರೋಳಿಯ ಫ್ಯಾಕ್ಟರಿಯೊಂದರ ಪ್ಲಾನಿಂಗ್ ಸೆಕ್ಷನ್ನಿನಲ್ಲಿ. ಹಾರ್ಬರ್ ಲೈನಿನಲ್ಲಿ ಹತ್ತಿ ಕುರ್ಲಾದಲ್ಲಿ ಇಳಿದು, ಸೇತುವೆ ಹತ್ತಿ ದಾಟಿ ಇನ್ನೊಂದು ಲೋಕಲ್ ಹಿಡಿಯಬೇಕು. ಊರೆಲ್ಲ ವಿ.ಟಿ. ಕಡೆಗೆ ಹೋಗುವ ಹೊತ್ತಿನಲ್ಲಿ ನಮ್ಮದು ಉಲ್ಟಾ ದಿಕ್ಕು, ಆದರೂ ಫ್ಯಾಕ್ಟರಿಗಳ ಜನ ಕಡಿಮೆಯೇನಿರಲಿಲ್ಲ. ವಡಾಲದಿಂದ ಕುರ್ಲಾ ಮೂರೇ ಸ್ಟೇಷನ್ನು, ಹಾಗಾಗಿ ಹತ್ತಿದ ಮರುಕ್ಷಣವೇ ಇಳಿಯುವ ಕೆಲಸ ಶುರುಮಾಡಬೇಕು. ಚೂನಾಭಟ್ಟಿ ಬರುವಷ್ಟರಲ್ಲಿ ಬಾಗಿಲ ಕಂಬ ಕೈಗೆ ಸಿಗದಿದ್ದರೆ ಅವತ್ತು ಚೆಂಬೂರು ನೋಡಿಕೊಂಡು ಬರುವುದೇ ಗತಿ. ನಾನು ಚೆಂಬೂರನ್ನು ಹಾಗೆ ಎರಡು ಸಲ ನೋಡಿದ್ದೇನೆ. ಆಮೇಲೆ ಪಾಠ ಕಲಿತೆ. ಎಷ್ಟು ಕಲಿತೆನೆಂದರೆ, ಮದುವೆಮನೆಗಳಲ್ಲಿ ಮೊದಲ ಪಂಕ್ತಿ ಪಾಯಸಕ್ಕೆ ಬಂದಾಗಲೇ ಯಾರದಾದರೂ ಬೆನ್ನ ಹಿಂದೆ ಹೋಗಿ ನಿಂತಿರುತ್ತೇನೆ. ಅವರಿಗೆ ಮಜ್ಜಿಗೆ ಇಳಿಯುವುದಿಲ್ಲ ಪಾಪ.

ಇಂಥ ನಾನು ಒಂದು ಕಾಲದಲ್ಲಿ ಸೇನಾಪತಿಯಾಗಿದ್ದೆ ಎಂದರೆ ನೀವು ನಂಬುವುದಿಲ್ಲ. ನನ್ನ ಕೈಕೆಳಗೆ ನಾಲ್ಕು ತುಕಡಿ ಸೈನ್ಯವಿತ್ತು, ಒಂದು ಕುದುರೆಯೂ ಇತ್ತು. ಇದೆಲ್ಲ ತೊಂಬತ್ತರ ಆಸುಪಾಸಿನ ಮಾತು. ಸೈನ್ಯದ ಠಿಕಾಣಿ ನಮ್ಮ ಫ್ಯಾಕ್ಟರಿಯ ಕಂಪ್ಯೂಟರ್ ರೂಮು.

ಆಗ ಕಂಪ್ಯೂಟರ್ ರೂಮಿಗೆ ಗರ್ಭಗುಡಿಯ ಮರ್ಯಾದೆ. ಎ.ಸಿ. ಇದ್ದದ್ದು ದೊಡ್ಡ ಸಾಹೇಬರ ಕೋಣೆಗೆ ಮತ್ತು ಅದಕ್ಕೆ. ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಸಂಗಪ್ಪ ಕೂತಿರುತ್ತಿದ್ದರು, ಬಿಜಾಪುರ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಯಾರ ಚಪ್ಪಲಿ ಯಾವುದು ಎನ್ನುವುದು ಅವರಿಗೆ ಬಾಯಿಪಾಠ. ಒಳಗಿನ ಯಂತ್ರಗಳ ಮೇಲೆ ಅವರಿಗೆ ಭಕ್ತಿಯೇನೂ ಇರಲಿಲ್ಲ. "ತಣ್ಣಗ ಕುಂದ್ರಿಸಿ ಸಾಕ್ಯಾರ್ರೀ, ಎಮ್ಮೀ ಸಾಕಿಧಂಗ. ಹಾಲು ಕೊಡೂದು ಮಾತ್ರ ಕಾಗದದಾಗ," ಎನ್ನುತ್ತಿದ್ದರು.

ಸಾಂತಾಕ್ರೂಜ್‌ನಲ್ಲಿದ್ದ ವಸಂತಿಯ ತಮ್ಮ ಎಲ್ಲಿಂದಲೋ ಒಂದು ಫ್ಲಾಪಿ ತಂದುಕೊಟ್ಟ. ಅದರಲ್ಲಿ ಒಂದು ಯುದ್ಧದ ಆಟ. ಯಾರೂ ಕೈಹಾಕದಿರಲೆಂದು ಅದರ ಮೇಲೆ 'ಹಳೆಯ ಸ್ಟಾಕ್' ಎಂದು ಚೀಟಿ ಅಂಟಿಸಿದೆ. ಊಟದ ಬಿಡುವು ಅರ್ಧ ಗಂಟೆ. ಡಬ್ಬಿ ಹತ್ತು ನಿಮಿಷದಲ್ಲಿ ಮುಗಿಸಿದರೆ ಇಪ್ಪತ್ತು ನಿಮಿಷ ರಣರಂಗ.

ಕತೆ ಇಷ್ಟೇ. ಒಬ್ಬಳು ರಾಣಿ ದೂರದ ಕೋಟೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ, ಸುತ್ತ ಶತ್ರುಗಳ ಮುತ್ತಿಗೆ. ನೀವು ಅವಳ ಸೇನಾಪತಿ. ಮೂರು ಹೊಳೆ ದಾಟಿ, ದಾರಿಯಲ್ಲಿ ಅಡ್ಡ ಬರುವ ಠಾಣೆಗಳನ್ನು ಗೆದ್ದು, ಅವಳನ್ನು ಬಿಡಿಸಬೇಕು. ಕುದುರೆ ಸವಾರ ನಾವು ಒತ್ತಿದ ಕಡೆ ಓಡುತ್ತಾನೆ, ಹಿಂದೆ ಇರುವೆಸಾಲಿನ ಹಾಗೆ ನಾಲ್ಕು ತುಕಡಿ. ಪರದೆಯ ಮೂಲೆಯಲ್ಲಿ ಇಪ್ಪತ್ತು ಪುಟ್ಟ ಮೂಟೆಗಳು. ಅದು ಕೋಟೆಯೊಳಗಿನ ದವಸ. ಆಟದಲ್ಲಿ ಒಂದು ದಿನ ಕಳೆದರೆ ಒಂದು ಮೂಟೆ ಮಾಯ, ಜೊತೆಗೆ ರಾಣಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ.

ಮೊದಲನೆಯ ಠಾಣೆಯಲ್ಲೇ ನಾನು ಸೋತೆ. ಅದರ ಹೆಬ್ಬಾಗಿಲು ಬೆಳಗಾದ ಮೇಲೆ ತೆರೆಯುತ್ತದೆ, ಆಗ ನುಗ್ಗಬೇಕು. ನಾನು ಮಾಡಿದ್ದೇನು? ಹಿಂದಿನ ರಾತ್ರಿಯೇ ನಾಲ್ಕೂ ತುಕಡಿಗಳನ್ನು ಒಯ್ದು ಮುಚ್ಚಿದ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಮುಂಬಯಿಯಲ್ಲಿ ಎಂಟು ವರ್ಷ ಕಳೆದವನಿಗೆ ಬೇರೆ ಏನು ತಾನೇ ತೋಚೀತು? ಗೋಡೆಯ ಮೇಲಿನಿಂದ ಕಲ್ಲು ಬಿತ್ತು. ಮತ್ತೆ ಶುರುಮಾಡಿದೆ, ಮತ್ತೆ ಬಾಗಿಲಿಗೆ ಒತ್ತಿ ನಿಲ್ಲಿಸಿದೆ, ಮತ್ತೆ ಕಲ್ಲು. ಮೂರು ದಿನದಲ್ಲಿ ಮೂರು ಸೈನ್ಯ ಹೋಯಿತು.

ಗಾಜಿನಾಚೆಯಿಂದ ನೋಡುತ್ತಿದ್ದ ಸಂಗಪ್ಪನವರಿಗೆ ತಡೆಯಲಾಗಲಿಲ್ಲ. "ಯಾಕ್ರೀ ಸಾಹೇಬ್ರ, ಬಾಗ್ಲಾ ತಗಿಯೂಕಿಂತ ಮೊದಲ ಹೋಗಿ ನಿಂದ್ರಸಿದ್ರ ಮ್ಯಾಲಿನಾವ್ರು ಕಲ್ಲ ಒಗೀದ ಹೂವಾ ಒಗೀತಾರೇನು?"

ಅಂದೇ ಪ್ರಿಂಟ್‌ಔಟ್ ಒಯ್ಯಲು ಬಂದ ನಂಜುಂಡಯ್ಯನವರು ನನ್ನ ಬೆನ್ನ ಹಿಂದೆ ನಿಂತು ಮೂರನೆಯ ಸೈನ್ಯದ ಅವಸಾನವನ್ನು ಪೂರ್ತಿ ನೋಡಿದರು. ಅವರು ನಮ್ಮ ಸೆಕ್ಷನ್ನಿನ ಮುಖ್ಯಸ್ಥರು. ಬೈಯುತ್ತಾರೆಂದು ಎದ್ದು ನಿಂತೆ.

"ಸ್ವಲ್ಪ ಕಾಯಬಹುದಿತ್ತಲ್ಲ ಮೂರ್ತಿ," ಎಂದರು.

ನಂಜುಂಡಯ್ಯನವರ ಜೀವನದ ಸಾರವೆಲ್ಲ ಆ ಮಾತಿನಲ್ಲಿತ್ತು. ಮೈಸೂರಿನವರು, ವಡಾಲದಲ್ಲಿ ಒಂದು ಕೋಣೆ ಹಿಡಿದಿದ್ದರು, ದಿನಾ ನನ್ನ ಜೊತೆಯಲ್ಲೇ ಬರುವವರು. ನಾನು ಬಾಗಿಲ ಮನುಷ್ಯನಾದರೆ ಅವರು ಪ್ಲಾಟ್‌ಫಾರ್ಮಿನ ಮನುಷ್ಯ. ಗಾಡಿ ಬಂದರೆ ಒಳಗೆ ಒಮ್ಮೆ ಕಣ್ಣಾಡಿಸಿ, "ಇದು ಬಿಡೋಣ, ಹಿಂದೆ ಖಾಲಿ ಬರ್ತಿದೆ," ಎನ್ನುವರು. ಹಿಂದಿನದೂ ತುಂಬಿಯೇ ಬರುತ್ತಿತ್ತು. ಅದನ್ನೂ ಬಿಡುವರು. ನನ್ನ ಸರ್ವೀಸಿನ ಮಸ್ಟರಿನಲ್ಲಿರುವ ಲೇಟ್ ಗುರುತುಗಳಲ್ಲಿ ಮುಕ್ಕಾಲು ಪಾಲು ಅವರ ಕೃಪೆ.

ಗಾಡಿಗಳನ್ನಷ್ಟೇ ಬಿಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಅವರ ಪತ್ನಿ ಸರೋಜಮ್ಮನವರು ಮೈಸೂರಿನಲ್ಲಿ ಸ್ಕೂಲ್ ಟೀಚರು. ಮದುವೆಯಾದ ಹೊಸದರಲ್ಲಿ, ಒಳ್ಳೆಯ ಜಾಗ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಇವರು ಮುಂಬಯಿಗೆ ಬಂದರು. ಮೊದಲು ಸಿಕ್ಕ ಬ್ಲಾಕು ಮನೆ ರೈಲು ಹಳಿಗೆ ಹತ್ತಿರವೆಂದು ಬಿಟ್ಟರು. ಎರಡನೆಯದಕ್ಕೆ ನೀರು ಒಂದೇ ಹೊತ್ತು ಎಂದು ಬಿಟ್ಟರು. ಆಮೇಲೆ ಕಂಪನಿಯ ಕ್ವಾರ್ಟರ್ಸು ಬರಲಿದೆ ಎಂದು ಕಾದರು. ಹಾಗೆ ಕಾಯುತ್ತ ಮೂವತ್ತು ವರ್ಷ. ಮಕ್ಕಳಿರಲಿಲ್ಲ. ದಸರೆಗೊಮ್ಮೆ, ಬೇಸಿಗೆಗೊಮ್ಮೆ ಹೋಗಿಬರುವರು. ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಅದನ್ನು ಕುರ್ಲಾ ದಾಟಿದ ಮೇಲೆ ಕಿಟಕಿ ಪಕ್ಕ ನಿಂತು ಓದಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಳ್ಳುವರು. ಏನು ಬರೆದಿದ್ದಾರೆಂದು ನಾನು ಕೇಳಿದವನಲ್ಲ, ಅವರು ಹೇಳಿದವರಲ್ಲ.

ಈಗ ನನ್ನ ಸಣ್ಣತನದ ವಿಷಯಕ್ಕೆ ಬರುತ್ತೇನೆ. ನಂಜುಂಡಯ್ಯನವರು ಅದೇ ತಿಂಗಳ ಕೊನೆಗೆ ರಿಟೈರಾಗುವವರಿದ್ದರು. ಅವರ ನಂತರ ಆ ಕುರ್ಚಿಗೆ ಸರದಿಯಲ್ಲಿದ್ದವನು ನಾನು. ಅವರು ಸಂಜೆ ಬೇಗ ಹೋದ ದಿನ ಒಂದೆರಡು ಬಾರಿ ಅದರಲ್ಲಿ ಕೂತೂ ನೋಡಿದ್ದೆ. ಹೀಗಿರುವಾಗ ಮೇಲಿನಿಂದ ಅವರಿಗೊಂದು ಕಾಗದ ಬಂತು: ಇನ್ನೆರಡು ವರ್ಷ ಎಕ್ಸ್‌ಟೆನ್ಷನ್ ಕೊಡುತ್ತಿದ್ದೇವೆ, ಬೇಡವಾದರೆ ಇಪ್ಪತ್ತೈದನೆಯ ತಾರೀಖಿನೊಳಗೆ ತಿಳಿಸಿ. ಅವರು ಅದನ್ನು ಓದಿ, "ನೋಡೋಣ," ಎಂದು ಡ್ರಾಯರಿನಲ್ಲಿ ಇಟ್ಟರು. ಅವರು 'ನೋಡೋಣ' ಎಂದರೆ ಇರುವುದು ಇದ್ದಹಾಗೇ ಇರುತ್ತದೆ ಎಂದು ಅರ್ಥ. ಅವತ್ತು ನನ್ನ ಡಬ್ಬಿಯಲ್ಲಿದ್ದ ಬಿಸಿಬೇಳೆಭಾತು ಹಾಗೇ ಮನೆಗೆ ವಾಪಸು ಬಂತು. ಅವರು ಬೇಡವೆನ್ನದಿದ್ದರೆ ನನ್ನ ಕುರ್ಚಿಗೆ ಎರಡು ವರ್ಷ ಕಲ್ಲು, ಸರೋಜಮ್ಮನವರಿಗೂ ಎರಡು ವರ್ಷ. ನಾನು ಯೋಚಿಸಿದ್ದು ಮೊದಲನೆಯದನ್ನು ಮಾತ್ರ ಎಂದು ಒಪ್ಪಿಕೊಳ್ಳುತ್ತೇನೆ.

ಅಂಥ ಹೊತ್ತಿನಲ್ಲಿ ಅವರು ಸೇನಾಪತಿಯಾದರು. ಕೀಬೋರ್ಡು ಮುಟ್ಟುತ್ತಿರಲಿಲ್ಲ. "ನೀವು ಒತ್ತಿ, ನಾನು ಹೇಳ್ತೀನಿ," ಎಂದು ಪಕ್ಕದಲ್ಲಿ ಕೂತು, ಸ್ಟೆನೋಗೆ ಹೇಳಿ ಬರೆಸುವ ಧಾಟಿಯಲ್ಲಿ ಯುದ್ಧ ಮಾಡಿಸುವರು. ಮೊದಲನೆಯ ಠಾಣೆಯನ್ನು ಅವರು ಗೆದ್ದ ರೀತಿ ನೋಡಬೇಕಿತ್ತು. ಗುಡ್ಡದ ಹಿಂದೆ ನಾಲ್ಕು ದಿನ ಸುಮ್ಮನೆ ಕೂತರು. ಐದನೆಯ ದಿನ ಠಾಣೆಯವರು ಬೇಸರ ಬಂದು ಖಾಲಿಮಾಡಿಕೊಂಡು ಹೋದರು. ಒಬ್ಬ ಸೈನಿಕನೂ ಸಾಯಲಿಲ್ಲ.

"ನೋಡಿದ್ರಾ," ಎಂದರು ನಂಜುಂಡಯ್ಯನವರು. ಮೂಲೆಯಲ್ಲಿ ನಾಲ್ಕು ಮೂಟೆ ಹೋಗಿತ್ತು. ಅದನ್ನು ಅವರು ನೋಡಲಿಲ್ಲ.

ರಾಣಿಯ ಪತ್ರಗಳನ್ನು ಸಂಗಪ್ಪನವರಿಗಾಗಿ ಅವರೇ ಕನ್ನಡದಲ್ಲಿ ಓದಿ ಹೇಳುವರು. ಇಂಗ್ಲಿಷಿನಲ್ಲಿ ಎರಡೇ ಸಾಲು ಇರುತ್ತಿತ್ತು, 'ಸೇನಾಪತಿ, ಬೇಗ ಬಾ' ಎಂಬರ್ಥದ್ದು. ಅವರ ಬಾಯಲ್ಲಿ ಅದು, "ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲವೂ ಕ್ಷೇಮ. ಅಕ್ಕಿ ಹದಿನಾರು ಮೂಟೆ ಇದೆ. ತಾವು ಈ ಕಡೆ ಯಾವಾಗ ಬರೋದು ಅಂತ ಒಂದು ಸಾಲು ತಿಳಿಸಿದರೆ ಅನುಕೂಲ," ಎಂದಾಗುತ್ತಿತ್ತು. ಪರದೇಶದ ರಾಣಿ ಅಕ್ಕಿ ಉಣ್ಣುತ್ತಾಳೆಯೇ ಎಂದು ನಾನೂ ಕೇಳಲಿಲ್ಲ, ಸಂಗಪ್ಪನವರೂ ಕೇಳಲಿಲ್ಲ.

ಮೊದಲ ಹೊಳೆಯ ಹತ್ತಿರ ನೀರು ಇಳಿಯಲೆಂದು ಮೂರು ದಿನ ಕಾದೆವು. ನನ್ನ ಕೈ ತುರಿಸುತ್ತಿತ್ತು. "ಸಾರ್, ಒಂದು ತುಕಡಿ ಹೋದ್ರೂ ಮೂರು ಉಳಿಯತ್ತೆ, ದಾಟಿಬಿಡೋಣ."

"ಜನಾನ ಯಾಕೆ ಒದ್ದೆ ಮಾಡೋದು. ನಾಳೆ ಇಳಿಯತ್ತೆ."

"ರಾಣಿ ಕಾಯ್ತಿದಾಳೆ ಸಾರ್."

"ಕಾಯ್ತಾಳೆ ಬಿಡಿ. ಅವಳಿಗೆ ಅಭ್ಯಾಸ," ಎಂದರು. ಅಂದಮೇಲೆ ಯಾಕೋ ಕನ್ನಡಕ ತೆಗೆದು ಒರೆಸಿಕೊಂಡರು.

ಅವರು ಹೋದ ಮೇಲೆ ಸಂಗಪ್ಪ ನನ್ನ ಚಪ್ಪಲಿ ಮುಂದೆ ತಳ್ಳುತ್ತ, "ಮೂರ್ತಿ ಸಾಹೇಬ್ರ, ಅವ್ರು ಆ ಪತ್ರಾ ಓದೂ ಮುಂದ ಬ್ಯಾರೇ ಯಾರ್ದೋ ಪತ್ರಾ ಓದಿಧಂಗ ಓದ್ತಾರಲ್ರೀ," ಎಂದರು. ನಾನು ಪೆದ್ದನ ಹಾಗೆ, "ಇಲ್ಲ ಇಲ್ಲ, ಅದರಲ್ಲಿರೋದನ್ನೇ ಓದ್ತಾರೆ," ಎಂದೆ. ಸಂಗಪ್ಪ ನನ್ನನ್ನು ಒಂದು ಗಳಿಗೆ ನೋಡಿ ಸ್ಟೂಲಿನ ಮೇಲೆ ಕೂತರು.

ಎರಡನೆಯ ಹೊಳೆಯ ಹೊತ್ತಿಗೆ ಮೂಟೆ ಎಂಟಕ್ಕೆ ಇಳಿದಿತ್ತು. ಪತ್ರಗಳ ಧಾಟಿಯೂ ಬದಲಾಯಿತು. ಒಂದರಲ್ಲಿ ರಾಣಿ ತನ್ನ ಕುದುರೆಗಳನ್ನು ಬಿಟ್ಟುಕೊಟ್ಟೆ ಎಂದಿದ್ದಳು. ಇನ್ನೊಂದರಲ್ಲಿ, ಗೋಡೆಯ ಮೇಲೆ ನಿಂತು ದಿನಾ ದಾರಿ ನೋಡುವುದನ್ನು ನಿಲ್ಲಿಸಿದ್ದೇನೆ, ಅಷ್ಟು ಹೊತ್ತು ಉಳಿದರೆ ಬೇರೆ ಕೆಲಸವಾಗುತ್ತದೆ ಎಂದು. ಅದನ್ನು ನಂಜುಂಡಯ್ಯನವರು ಕುಶಲ ಸಾಂಪ್ರತ ಯಾವುದೂ ಸೇರಿಸದೆ ಇದ್ದದ್ದು ಇದ್ದಹಾಗೆ ಓದಿದರು. ಓದಿದವರು ಮುಂದಿನ ಆಜ್ಞೆ ಕೊಡಲು ಮರೆತರು. ಬಿಡುವು ಮುಗಿಯಿತೆಂದು ಫ್ಯಾಕ್ಟರಿಯ ಭೋಂಗಾ ಕೂಗಿತು.

ಅವತ್ತು ಸಂಜೆ ಕುರ್ಲಾದಲ್ಲಿ ಅವರು ಗಾಡಿ ಬಿಡಲಿಲ್ಲ. ಮೊದಲು ಬಂದದ್ದಕ್ಕೇ, ಅದೂ ಕಿಕ್ಕಿರಿದದ್ದಕ್ಕೇ, ಹತ್ತಿದರು. ಹತ್ತುವ ಅಭ್ಯಾಸವಿಲ್ಲದ್ದರಿಂದ ಛತ್ರಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಬಾಗಿಲಲ್ಲಿ ನೇತಾಡುತ್ತ ನನ್ನನ್ನು ಕೇಳಿದರು, "ಆ ಮೂರನೇ ಹೊಳೆ ಎಷ್ಟು ದೂರ ಮೂರ್ತಿ?"

ಇಪ್ಪತ್ತಮೂರನೆಯ ತಾರೀಖಿನ ವೇಳೆಗೆ ಮೂಟೆಗಳೆಲ್ಲ ಮುಗಿದು ಮೂಲೆ ಖಾಲಿಯಾಯಿತು. ಆಟ ನಿಲ್ಲುತ್ತದೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಪತ್ರ ಮಾತ್ರ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾವು ಮೂರನೆಯ ಹೊಳೆಯ ದಂಡೆಯಲ್ಲಿದ್ದೆವು, ನೀರು ಕುದುರೆಯ ಎದೆಮಟ್ಟಕ್ಕಿತ್ತು. ನಾನು ಆಜ್ಞೆಗಾಗಿ ಅವರ ಮುಖ ನೋಡಿದೆ. ನಂಜುಂಡಯ್ಯನವರು ಕೈ ಚಾಚಿ, ಮೊಟ್ಟಮೊದಲ ಬಾರಿಗೆ, ತಾವೇ ಕೀಲಿ ಒತ್ತಿದರು. ಸೈನ್ಯ ನೀರಿಗಿಳಿಯಿತು. ಒಬ್ಬನೂ ಮುಳುಗಲಿಲ್ಲ. ಅಷ್ಟು ದಿನ ಕಾದದ್ದು ಯಾತಕ್ಕೆ ಎಂದು ನನಗೆ ಅಳು ಬರುವಂತಾಯಿತು.

ಕೋಟೆಯ ಮುಂದೆ ನಿಂತಾಗ ನಮ್ಮ ನಾಲ್ಕೂ ತುಕಡಿಗಳು ಲೆಕ್ಕಕ್ಕೆ ಸರಿಯಾಗಿ, ಗಾಯವಿಲ್ಲದೆ ಇದ್ದವು. ಮುತ್ತಿಗೆ ಹಾಕಿದವರು ಕಾಣಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಹೋದರೆ ಯಾರೂ ಇಲ್ಲ. ಅಂಗಳದ ನಡುವೆ ಒಂದು ಪತ್ರ. ಅದರಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ದವಸ ಮುಗಿದ ದಿನ ನಾವೇ ಉತ್ತರದ ಬಾಗಿಲಿನಿಂದ ಹೊರಬಿದ್ದು ಕಾದಾಡಿ ದಾರಿ ಮಾಡಿಕೊಂಡೆವು. ನಿನ್ನ ಸೈನ್ಯ ಕ್ಷೇಮವಾಗಿದೆ ಎಂದು ಕೇಳಿದೆ, ಸಂತೋಷ. ಅದಿಲ್ಲದೆ ಇರುವುದನ್ನು ನಾನು ಕಲಿತಿದ್ದೇನೆ.

ನಂಜುಂಡಯ್ಯನವರು ಅದನ್ನು ಮನಸ್ಸಿನಲ್ಲೇ ಓದಿಕೊಂಡರು. ಎರಡು ಸಲ ಓದಿರಬೇಕು, ಕಣ್ಣು ಮತ್ತೆ ಮೇಲಿನ ಸಾಲಿಗೆ ಹೋದದ್ದನ್ನು ಕಂಡೆ.

"ಏನ್ ಬರದಾಳ್ರೀ ರಾಣಿ?" ಎಂದು ಸಂಗಪ್ಪ ಬಾಗಿಲಿನಿಂದ ಕೇಳಿದರು.

"ಎಲ್ಲರೂ ಕ್ಷೇಮವಂತೆ ಸಂಗಪ್ಪ," ಎಂದು ಎದ್ದರು. ಎದ್ದವರು ಹಾಗೇ ಬರಿಗಾಲಲ್ಲಿ ಯಂತ್ರಗಳ ಶಾಪ್ ದಾಟಿ, ಮೆಟ್ಟಿಲು ಹತ್ತಿ ಸೆಕ್ಷನ್ನಿಗೆ ಹೋಗಿಬಿಟ್ಟರು. ಸಂಗಪ್ಪ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದರು. ಮೂವತ್ತು ವರ್ಷದಲ್ಲಿ ನಂಜುಂಡಯ್ಯನವರು ಚಪ್ಪಲಿ ಮರೆತು ನಡೆದದ್ದು ಅದೊಂದೇ ಬಾರಿ.

ಮರುದಿನ ಎಕ್ಸ್‌ಟೆನ್ಷನ್ ಬೇಡವೆಂದು ಬರೆದುಕೊಟ್ಟರು. ಸಂಜೆ ಮನೆಗೆ ಬಂದು ವಸಂತಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, "ನಿಮಗೆ ಖುಷಿಯೋ ಬೇಜಾರೋ?" ಎಂದಳು. ಎರಡೂ ಎಂದೆ. ನಿಜವಾಗಿ ಎರಡೂ ಆಗಿತ್ತು. ಎಂಟು ವರ್ಷ ನನ್ನನ್ನು ಬಯ್ಯದೆ ಸಾಕಿದ ಮನುಷ್ಯ. ಮುಂದಿನ ತಿಂಗಳಿನಿಂದ ಕುರ್ಲಾದ ಸೇತುವೆಯನ್ನು ನಾನೊಬ್ಬನೇ ದಾಟಬೇಕು. ಆದರೆ ರಾತ್ರಿ ಮಲಗುವಾಗ ಕುರ್ಚಿಗೆ ಹೊಸ ದಿಂಬು ತರಬೇಕು ಎಂದೂ ಯೋಚಿಸಿದೆ.

ದಾದರಿನಲ್ಲಿ ಅವರನ್ನು ಬೆಂಗಳೂರು ಗಾಡಿ ಹತ್ತಿಸಲು ನಾನೂ ಸಂಗಪ್ಪನವರೂ ಹೋಗಿದ್ದೆವು. ಮೂವತ್ತು ವರ್ಷದ ಸಾಮಾನು ಒಂದು ಟ್ರಂಕು, ಒಂದು ಹೋಲ್ಡಾಲು. ಸೀಟಿನಲ್ಲಿ ಕೂತ ಮೇಲೆ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು. "ಮೂರ್ತಿ, ಆ ಕುರ್ಚಿ ಎಡಗಡೆ ವಾಲತ್ತೆ, ಕೂತು ನೋಡಿದೀರಲ್ಲ. ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟಿದೀನಿ. ತೆಗೀಬೇಡಿ." ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರ ಮುಖದಲ್ಲಿ ಕೋಪ ಇರಲಿಲ್ಲ, ನಗುವೂ ಇರಲಿಲ್ಲ, ಆಫೀಸಿನ ಒಂದು ವಿಷಯ ತಿಳಿಸಿದಂತೆ ಹೇಳಿದ್ದರು.

ಮೂರು ತಿಂಗಳಾಗಿರಬಹುದು. ಆ ಕುರ್ಚಿಯಲ್ಲಿ ಕೂತಿದ್ದಾಗ ನನ್ನ ಹೆಸರಿಗೆ ಮೈಸೂರಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ದುಂಡಗಿನ ಟೀಚರ್ ಅಕ್ಷರ. ಸರೋಜಮ್ಮನವರದು.

"ಶ್ರೀ ಮೂರ್ತಿಯವರಿಗೆ ನಮಸ್ಕಾರ. ಇವರು ತಮ್ಮ ವಿಷಯ ದಿನಾ ಹೇಳುತ್ತಾರೆ, ಅದಕ್ಕೇ ಧೈರ್ಯಮಾಡಿ ಬರೆಯುತ್ತಿದ್ದೇನೆ. ಇವರು ಬರಲಿ ಎಂದು ಮೂವತ್ತು ವರ್ಷ ಕೇಳಿದೆ. ಈಗ ಬಂದಿದ್ದಾರೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬರೆದು ಅಂಟಿಸಿದ್ದಾರೆ. ಸಾರಿನ ಪುಡಿ ಹನ್ನೊಂದು. ನಾನು ಸ್ಕೂಲಿಗೆ ಹೊರಟರೆ ಈ ಬಸ್ಸು ಬೇಡ, ಮುಂದಿನದಕ್ಕೆ ಹೋಗು ಎನ್ನುತ್ತಾರೆ. ಸಂಜೆ ಬರುವುದು ಹತ್ತು ನಿಮಿಷ ತಡವಾದರೆ ರಸ್ತೆಯ ತಿರುವಿನಲ್ಲಿ ನಿಂತಿರುತ್ತಾರೆ. ಒಬ್ಬಳೇ ಇದ್ದು ಅಭ್ಯಾಸವಾದವಳಿಗೆ ಉಸಿರು ಕಟ್ಟುತ್ತದೆ. ತಮ್ಮಲ್ಲಿ ಆ ಎರಡು ವರ್ಷದ ಕೆಲಸ ಇನ್ನೂ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ನಾನು ಬರೆದದ್ದು ಅವರಿಗೆ ಗೊತ್ತಾಗುವುದು ಬೇಡ."

ಈ ಕಾಗದವನ್ನು ದೊಡ್ಡ ಸಾಹೇಬರಿಗೆ ತೋರಿಸಿದ್ದರೆ ಅವರು ಬಹುಶಃ ನಂಜುಂಡಯ್ಯನವರನ್ನು ಕರೆಸುತ್ತಿದ್ದರು. ನನ್ನ ಕೆಲಸ ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ನಾಲ್ಕು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಐದನೆಯ ದಿನ ಬರೆದೆ: "ತಾವು ತಿಳಿಸಿದ ಸ್ಥಾನ ಭರ್ತಿಯಾಗಿದೆ. ವಿಷಾದಿಸುತ್ತೇನೆ." ಭರ್ತಿಯಾಗಿದ್ದು ಸುಳ್ಳಲ್ಲ. ವಿಷಾದದ ವಿಷಯ ಹೇಳಲಾರೆ. ಅಂಚೆ ಡಬ್ಬಿಗೆ ಹಾಕಿ ಬಂದ ಮೇಲೆ ಒಬ್ಬ ಹಿರಿಯ ಹೆಂಗಸಿನ ಉಸಿರು ಕಟ್ಟಿಸಿ ಕುರ್ಚಿ ಉಳಿಸಿಕೊಂಡೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು.

"ತಮ್ಮ ಪತ್ರ ತಲುಪಿತು. ಅವತ್ತು ಕೋಪದಲ್ಲಿ ಬರೆದು ಹಾಕಿಬಿಟ್ಟೆ. ಹಾಕಿದ ಮೇಲೆ ಒಂದು ದಿನವೂ ಸರಿಯಾಗಿ ನಿದ್ದೆ ಬರಲಿಲ್ಲ, ಎಲ್ಲಿ ತಾವು ಇವರನ್ನು ಕರೆಸಿಕೊಂಡುಬಿಡುತ್ತೀರೋ ಎಂದು. ಟಪಾಲಿನವನು ಬರುವ ಹೊತ್ತಿಗೆ ಸ್ಕೂಲಿನಿಂದ ಓಡಿಬರುತ್ತಿದ್ದೆ. ಜಾಗ ಭರ್ತಿಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ತಮ್ಮಿಂದ ಬಹಳ ಉಪಕಾರವಾಯಿತು."